ಮಹಡಿಯ ಮೇಲಿನ ಬ್ರಾಲಿ
ಇಂಗ್ಲಿಷರ ಊರು ಸ್ಕೆಗ್ನೆಸ್ಸಿನ ಕಡಲ ದಂಡೆಯಲ್ಲಿ ಕೋಣೆ ಬಾಡಿಗೆಗೆ ಕೊಡುವ ಒಡತಿಯರೆಲ್ಲ ಜೋರಿನವರೇ. ಅವರಲ್ಲಿ ನಮ್ಮ ಮಿಸೆಸ್ ಬ್ಲಾಂಚರ್ಡ್ ಮಹಾರಾಣಿ. ಬಾಗಿಲಲ್ಲೇ ಬಾಡಿಗೆದಾರರಾದ ನಮ್ಮ ಒದ್ದೆ ಕೊಡೆ ಕಿತ್ತುಕೊಂಡು, ಕೋಳಿಯ ಕತ್ತು ಹಿಸುಕಿದಂತೆ ಹಿಂಡಿ, ಚಹಾಕ್ಕೆ ಮೊದಲು 'ಬ್ರಾಲಿ' ಎಂಬ ಪದದ ಚರಿತ್ರೆ ಕುಡಿಸುತ್ತಾರೆ. "ಅಂಬ್ರೆಲಾ ಅನ್ನೋಕೂ ಸೋಮಾರಿತನ ಕಣಪ್ಪಾ ಆ ಕಾಲೇಜು ಹುಡುಗ್ರಿಗೆ! ತಲೆ, ಬಾಲ ಕತ್ತರಿಸಿ ಬ್ರಾಲಿ ಅಂದ್ರು. ಆಮೇಲೆ ಯುದ್ಧ ಬಂತು. ವಿಮಾನದ ಹುಡುಗ್ರು ಪ್ಯಾರಾಚೂಟಿಗೂ ಅದನ್ನೇ ಅಂದ್ರು." ಕತೆ ಇಲ್ಲಿಗೆ ಬಂದೊಡನೆ ಕೇಕ್ ತರುವ ನೆಪದಲ್ಲಿ ಎದ್ದುಬಿಡುತ್ತಾರೆ. ಮನೆಯೊಳಗೆ ಕೊಡೆ ಬಿಚ್ಚಿದರೆ ಕೇಡು ಎನ್ನುವ ಜನ ನಾವು. ಹಾಗೆ ಬಿಚ್ಚಿದವರನ್ನು ಈಕೆ ಪೊರಕೆ ಹಿಡಿದು ಅಟ್ಟಿದ್ದೂ ಉಂಟು. ಆದರೆ ಮಹಡಿಯ ಖಾಲಿ ಕೋಣೆಯಲ್ಲಿ ಕಪ್ಪು ಕೊಡೆಯೊಂದು ಸದಾ ಬಿಚ್ಚಿಯೇ ಇರುತ್ತದೆ. ಮೊನ್ನೆ ಸುಡುಬಿಸಿಲ ಮಧ್ಯಾಹ್ನ ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ಬೆರಳಿಗೆ ತಾಗಿಸಿ ನಾಲಿಗೆಗಿಟ್ಟೆ: ಉಪ್ಪು. "ಮುಚ್ಚಿಬಿಡ್ಲಾ? ಕೇಡಲ್ವಾ?" ಎಂದೆ. "ಬರೋ ಕೇಡೆಲ್ಲಾ ಆಗ್ಲೇ ಬಂದುಹೋಯ್ತು ಮರಿ," ಎಂದರು, ನೆಲ ಒರೆಸುತ್ತ. "ಯುದ್ಧದಲ್ಲಿ ಸಮುದ್ರದ ಮೇಲೆ ವಿಮಾನದಿಂದ ಹಾರಿದಾಗ ನನ್ನ ಮಗ ಸಿರಿಲ್‌ನ ಬ್ರಾಲಿ ಬಿಚ್ಕೊಳ್ಲೇ ಇಲ್ಲ. ಈಗ ದಿನಾ ಇದನ್ನ ಹಿಡ್ಕೊಂಡೇ ಇಳೀತಾನೆ."