ಗಂಟೆಯ ಹಗ್ಗ

ಕತಾರಿನ ವೆಸ್ಟ್ ಬೇಯಲ್ಲಿ ಟವರುಗಳು ಇನ್ನೂ ಏಳುತ್ತಿದ್ದ ವರ್ಷಗಳಲ್ಲಿ ನಮ್ಮ ಆಫೀಸಿನಲ್ಲಿ ಒಬ್ಬ ಇಂಗ್ಲಿಷ್ ಇಂಜಿನಿಯರ್ ಇದ್ದರು. ಲಿಫ್ಟಿಗೆ ಕಾಯುವಾಗ ಅವರ ಎರಡೂ ಕೈಗಳು ತಲೆಯ ಮೇಲೆ ಹೋಗಿ, ಕಾಣದ ಹಗ್ಗವೊಂದನ್ನು ಎಳೆದು ಬಿಡುತ್ತಿದ್ದವು. ಹುಡುಗನಾಗಿದ್ದಾಗ ತಮ್ಮ ಹಳ್ಳಿಯ ಇಗರ್ಜಿಯಲ್ಲಿ ಗಂಟೆ ಬಾರಿಸುತ್ತಿದ್ದರಂತೆ.

"ಎಳೆಯೋದು ಯಾರಿಗಾದ್ರೂ ಬರ್ತದೆ. ನಮ್ಮ ಗುರು ಮೊದಲು ಕಲಿಸಿದ್ದು ಬಿಡೋದನ್ನ. ಬಿಡದಿದ್ರೆ, ಗಂಟೆ ತಿರುಗುವಾಗ ಹಗ್ಗ ನಮ್ಮನ್ನೇ ಮೇಲೆ ಎತ್ತಿಬಿಡ್ತದೆ." ಈ ಮಾತನ್ನು ಅವರು ಎಷ್ಟು ಸಲ ಹೇಳಿದರೂ ನಗುತ್ತಲೇ ಹೇಳುತ್ತಿದ್ದರು.

ಒಂದು ಬೇಸಿಗೆಯಲ್ಲಿ ಆ ಗುರು ತೀರಿಕೊಂಡರು. "ಅಂತ್ಯಕ್ರಿಯೆಗೆ ಗಂಟೆ ಬಾರಿಸಲು ನಿನ್ನ ಹಗ್ಗ ನಿನಗೇ ಇಟ್ಟಿದ್ದೇವೆ, ಬಾ" ಎಂದು ಹಳ್ಳಿಯಿಂದ ಫೋನ್ ಬಂತು. ಆದರೆ ಆಗ ಕತಾರ್ ಬಿಟ್ಟು ಹೊರಡಲು ವೀಸಾದ ಧಣಿ ಕಫೀಲನ ಸಹಿ ಬೇಕಿತ್ತು. ಕಾಗದಪತ್ರ ನೋಡುತ್ತಿದ್ದ ನಮ್ಮ ಉಡುಪಿಯ ಪಿಆರ್‌ಒ ಬಳಿಗೆ ನಾನೇ ಓಡಿದೆ.

"ಎಕ್ಸಿಟ್ ಪರ್ಮಿಟ್ ಮಾಫಿ, ಸಿಕ್ಕುದಿಲ್ಲ ಮಾರಾಯ್ರೆ," ಎಂದರು ಅವರು. "ಸೈನ್ ಹಾಕ್ಬೇಕಾದ ಕಫೀಲ್ ರಜೆಯಲ್ಲಿ ಲಂಡನ್ನಿಗೆ ಹೋಗಿದ್ದಾರೆ. ಫೋನೇ ಎತ್ತುದಿಲ್ಲ. ನಾನೆಂತ ಮಾಡುದು?"

ಅಂತ್ಯಕ್ರಿಯೆಯ ಹೊತ್ತಿಗೆ ಇಂಜಿನಿಯರ್ ಎದ್ದು ಕಿಟಕಿಯ ಬಳಿ ನಿಂತರು. ಹೊರಗೆ ಬಿಸಿಲಲ್ಲಿ ಕ್ರೇನುಗಳು ತಿರುಗುತ್ತಿದ್ದವು. ಅವರ ಕೈಗಳು ಮೇಲೆ ಹೋದವು, ನಿಧಾನವಾಗಿ ಕೆಳಗೆ ಬಂದವು. ಎದೆಯವರೆಗೆ ಬಂದ ಮೇಲೂ ಮುಷ್ಟಿ ಬಿಚ್ಚಲಿಲ್ಲ.