ಕೊನೆಯ ಮೆಟ್ಟಿಲಿನ ಗಂಟು

ಬೀದಿಯವರೆಲ್ಲ ಅವಳನ್ನು ಕರೆಯುವುದು ಕತ್ತರಿ ಅಕ್ಕ ಎಂದು. ಹೊಲಿಗೆ ಅವಳ ಕಸುಬು ನಿಜ, ಆದರೆ ಹೆಸರು ಬಂದದ್ದು ನಾಲಿಗೆಯಿಂದ ಎನ್ನುವವರೇ ಹೆಚ್ಚು. ಅಂಥವಳು ವಿಚ್ಛೇದನದ ಕೋರ್ಟಿನಲ್ಲಿ ಮೂರು ವಾಯಿದೆ ತುಟಿ ಬಿಚ್ಚದೆ ಕೂತಳು. ಬಾಯಿ ತೆರೆದರೆ ಅಳು ಬಂದೀತೆಂಬ ಹೆದರಿಕೆ.

ಗಂಡ ವೆಲ್ಡರ್. ಹನ್ನೊಂದು ವರ್ಷ ಹಾವು ಮುಂಗುಸಿಯಂತೆ ಬಾಳಿದ ಮೇಲೆ ಬೇರೆಯಾಗಲು ಇಬ್ಬರಿಗೂ ಒಪ್ಪಿಗೆಯಿತ್ತು. ಉಳಿದದ್ದು ಮನೆಯ ಜಗಳ. ಈಗಲೇ ಮಾರಿ ಅರ್ಧರ್ಧ ಹಂಚಿಕೊಳ್ಳೋಣ ಎಂದು ಅವನು. ಪಾಲು ಆಮೇಲೆ ನೋಡಿಕೊಂಡರಾಯಿತು, ಗುಬ್ಬಿಗೆ ಹದಿನೆಂಟು ತುಂಬುವವರೆಗೆ ಮನೆ ಇರಲಿ ಎಂದು ಇವಳು. ಒಂಬತ್ತು ವರ್ಷದ ಮಗಳು ಗುಬ್ಬಿಗೆ ಹುಟ್ಟಿನಿಂದ ಕಣ್ಣು ಕಾಣದು. ಆದರೆ ಆ ಮನೆಯಲ್ಲಿ ಅವಳನ್ನು ಓಡಿ ಹಿಡಿಯಲು ಕಣ್ಣಿದ್ದವರಿಗೂ ಆಗುತ್ತಿರಲಿಲ್ಲ. ಅಡುಗೆಮನೆಗೆ ಏಳು ಹೆಜ್ಜೆ, ನಲ್ಲಿಗೆ ಮೂರು, ಎಲ್ಲವೂ ಅವಳಿಗೆ ಬಾಯಿಪಾಠ.

ನಾಲ್ಕನೇ ವಾಯಿದೆಯಲ್ಲಿ ಗಂಡನ ವಕೀಲರು, "ಮಕ್ಕಳು ಎಲ್ಲಿದ್ರೂ ಹೊಂದ್ಕೋತಾರೆ ಸ್ವಾಮಿ. ಉಳಿದಿದ್ದರಲ್ಲಿ ಬಾಡಿಗೆಗೆ ಒಂದು ಮನೆ ನೋಡಿದ್ರಾಯ್ತು" ಎಂದರು.

"ಉಳಿದ ಚೂರಲ್ಲಿ ಮಗೂಗೆ ಅಂಗಿ ಹೊಲೀಬಹುದು ಸಾರ್. ಮನೆ ಹೊಲಿಯೋಕಾಗಲ್ಲ!" ಕತ್ತರಿಗೆ ಕೊನೆಗೂ ಬಾಯಿ ಬಂದಿತ್ತು. ಅವಳು ಗಂಡನತ್ತ ತಿರುಗಿದಳು. "ಮೆಟ್ಟಿಲ ಕಂಬಿ ತುದೀಲಿ ಒಂದು ಗಂಟಿದೆಯಲ್ಲ, ಅದನ್ನ ಬೆಸುಗೆ ಹಾಕಿದ್ದು ಯಾರು?"

"ನಾನೇ."

"ಯಾಕೆ?"

"ಮೆಟ್ಟಿಲು ಮುಗೀತು ಅಂತ ಗುಬ್ಬಿ ಕೈಗೆ ಗೊತ್ತಾಗ್ಲಿ ಅಂತ."

"ಮನೆ ಕೊಂಡೋರು ಅದನ್ನ ಉಜ್ಜಿ ನುಣ್ಣಗೆ ಮಾಡಿಸ್ತಾರೆ. ಚೆನ್ನಾಗಿ ಕಾಣಲ್ಲ ಅಂತ."

ವೆಲ್ಡರ್ ತನ್ನ ಕೈಗಳನ್ನೇ ನೋಡುತ್ತ ನಿಂತ. ವಕೀಲರು ಮತ್ತೆ ಏನೋ ಹೇಳಲು ಎದ್ದರು. "ಸಾಕು, ಕೂತ್ಕೊಳ್ಳಿ ಸಾರ್. ಗುಬ್ಬಿ ಅಲ್ಲೇ ಇರ್ಲಿ" ಎಂದುಬಿಟ್ಟ. ಮಗಳಿಗೆ ಹದಿನೆಂಟಾಗುವವರೆಗೆ ಮನೆ ಮಾರುವಂತಿಲ್ಲ ಎಂದು ನ್ಯಾಯಾಧೀಶರು ಬರೆಸಿದರು. ಒಂದು ಮಾತಿಗೂ ಒಪ್ಪದ ಗಂಡ ಹೆಂಡತಿ ಜಗಳವಿಲ್ಲದೆ ಸಹಿ ಹಾಕಿದ್ದು ಅದೊಂದೇ ಕಾಗದಕ್ಕೆ ಎಂದು ಕತ್ತರಿ ಅಕ್ಕ ಇಂದಿಗೂ ನಗುತ್ತಾಳೆ.

ಅಂದು ಅವಳು ಮನೆಯ ಹೊಸ್ತಿಲು ದಾಟುವಷ್ಟರಲ್ಲೇ ಮಹಡಿಯಿಂದ ಕೂಗು ಬಂತು. "ಅಮ್ಮಾ, ಗೆದ್ಯಾ?"

"ಗೆದ್ದೆ ಕಣೇ! ಮನೆ ಎಲ್ಲೂ ಹೋಗಲ್ಲ!"

"ಹಾಗಾದ್ರೆ ಅಪ್ಪ ಸೋತ್ರಾ?"

"ಇಲ್ಲ ಕಣೇ. ಅವರೂ ನಿನ್ನ ಕಡೆಗೇ ಬಂದ್ರು."

ಗುಬ್ಬಿ ಕಂಬಿಯ ಮೇಲೆ ಕೈ ಜಾರಿಸುತ್ತ ದಡದಡನೆ ಇಳಿದಳು. ಅಪ್ಪನ ಗಂಟು ಅಂಗೈಗೆ ಸಿಕ್ಕಿದ್ದೇ ತಡ, ಕೆಳಗೆ ನೆಲ ಇದ್ದೇ ಇದೆ ಎಂಬ ಧೈರ್ಯದಲ್ಲಿ ಎರಡೂ ಕಾಲು ಎತ್ತಿ ಜಿಗಿದಳು.