ಕಿವಿಗೊಂದು ಸಿಂಬಿ

ಪಾರ್ಸಲ್ ಬಿಚ್ಚಿ ಹೆಡ್‌ಫೋನನ್ನು ಮೇಜಿನ ಮೇಲಿಟ್ಟಾಗ ನಮ್ಮತ್ತೆ ಕನ್ನಡಕ ಏರಿಸಿಕೊಂಡು ಬಂದರು. ಎರಡು ದಪ್ಪ ದುಂಡು ಬಟ್ಟಲು, ಅವುಗಳ ಬೆನ್ನಿಗೆ ಲೋಹದ ಜಾಲರಿ, ಮೇಲೊಂದು ಅಗಲ ಪಟ್ಟಿ. ಎತ್ತಿ ಹಿಡಿದು ತೂಕ ನೋಡಿದರು.

"ಇದೇನಬೇ ಯವ್ವಾ, ರೊಟ್ಟಿ ಹಂಚು ತರಿಸೀಯೇನು? ಅದೂ ಜೋಡಿ!"

"ಅಲ್ರೀ ಅತ್ತಿ, ಹಾಡು ಕೇಳೋದು."

"ಹಾಡು ಕೇಳಸ್ತೈತೋ ಇಲ್ಲೋ, ಕುತ್ತಿಗಿ ಅಂತೂ ಮುರೀತೈತಿ."

ಕೆಳಗಿಡುವಷ್ಟರಲ್ಲಿ ಮೇಜಿನ ಮೇಲಿದ್ದ ಅವರ ಸೇಫ್ಟಿ ಪಿನ್ನು ಟಕ್ಕನೆ ಹಾರಿ ಬಟ್ಟಲಿಗೆ ಅಂಟಿಕೊಂಡಿತು. ನನ್ನ ಜೀವ ಬಾಯಿಗೆ ಬಂತು. ಒಳಗೆ ಅಯಸ್ಕಾಂತ, ಜೊತೆಗೆ ಈರುಳ್ಳಿ ಸಿಪ್ಪೆಗಿಂತ ತೆಳುವಾದ ಹಾಳೆ, ಪಿನ್ನು ಚುಚ್ಚಿದರೆ ಕಥೆ ಮುಗಿದಂತೆ. ಅತ್ತೆ ಮಾತ್ರ ಪಿನ್ನು ಕಿತ್ತುಕೊಂಡು, "ಕಳ್ಳ ಹಂಚು!" ಎಂದು ಅದಕ್ಕೇ ಬೈದು ಒಳಗೆ ಹೋದರು.

ನಾನು ಮಸ್ಕಿಯ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತೇನೆ. ದಿನವೂ ಸಿಂಧನೂರಿನಿಂದ ಬಸ್ಸಿನಲ್ಲಿ ಓಡಾಟ. ಹೋಗುವಾಗ ಹಾರ್ನು, ಅಲ್ಲಿ ಮಕ್ಕಳ ಗದ್ದಲ, ಬರುವಾಗ ಮತ್ತೆ ಹಾರ್ನು. ಮನೆಗೆ ಬಂದರೆ ಅತ್ತೆಯ ಧಾರಾವಾಹಿ, ಗಂಡನ ಫೋನಿನ ವಿಡಿಯೋ. ಚಹಾ ಕುಡಿದ ಮೇಲೆ ಒಂದೇ ಒಂದು ತಾಸು, ನನ್ನ ಪಾಡಿಗೆ ನಾನು ಕೂತು ಹಾಡು ಕೇಳಬೇಕು ಅನ್ನುವುದು ನನ್ನ ಆಸೆ. ಇನ್ನೇನನ್ನೂ ನಾನು ಆ ಮನೆಯಲ್ಲಿ ಹಟ ಹಿಡಿದು ಕೇಳಿದವಳಲ್ಲ. ಯಾರೋ ಬಳಸಿ ಮಾರಿದ ಈ ಹೆಡ್‌ಫೋನನ್ನು ಆರಿಸುವಾಗಲೂ ಹಿಂಬದಿ ಜಾಲರಿ ಇರುವುದನ್ನೇ ಹುಡುಕಿದೆ. ಜಾಲರಿ ಇದ್ದರೆ ಹೊರಗಿನ ಸದ್ದೂ ಕೇಳುತ್ತದೆ, ಅತ್ತೆ ಕರೆದರೆ ಓಗೊಡಬಹುದು, ಕುಕ್ಕರ್ ಸೀಟಿ ಎಣಿಸಬಹುದು. ಸೊಸೆಯಾದವಳು ಇದನ್ನೆಲ್ಲ ನೋಡಬೇಕಾಗುತ್ತದೆ ನೋಡಿ. ಒಳಗಿನ ಹಾಡೂ ಅಷ್ಟೇ ಸಲೀಸಾಗಿ ಹೊರಗೆ ಸೋರುತ್ತದೆ ಅನ್ನುವುದು ಆಮೇಲೆ ಗೊತ್ತಾಯಿತು.

ಮೊದಲ ದಿನ ಮೊಬೈಲಿಗೆ ಚುಚ್ಚಿ ಪೂರ್ತಿ ದನಿ ಏರಿಸಿದೆ. ಸೊಳ್ಳೆ ಗುಂಯ್‌ಗುಟ್ಟಿದ ಹಾಗೆ ಕೇಳಿಸಿತು. ನನ್ನ ಗಂಡ ಕಿವಿಗೆ ಇಟ್ಟುಕೊಂಡು ನೋಡಿ, "ಹಾಡು ಬ್ಯಾರೆ ಊರಾಗ ನಡದೈತಿ ಅನಸ್ತದ," ಎಂದು ನಕ್ಕರು. ಮಾಮೂಲಿ ಹೆಡ್‌ಫೋನಿನಲ್ಲಿ ಪುಟ್ಟ ಸ್ಪೀಕರ್ ಇರುತ್ತದೆ, ಅದಕ್ಕೆ ಮೊಬೈಲಿನ ಶಕ್ತಿ ಸಾಕು. ಈ ಪ್ಲೇನರ್ ಜಾತಿಯದರಲ್ಲಿ ಆ ತೆಳು ಹಾಳೆ ಎರಡು ಸಾಲು ಅಯಸ್ಕಾಂತಗಳ ನಡುವೆ ಇಡಿಯಾಗಿ ಅಲುಗಬೇಕು. ಅದಕ್ಕೆ ಕರೆಂಟು ಕುಡಿಸಬೇಕು, ಚೆನ್ನಾಗಿಯೇ ಕುಡಿಸಬೇಕು.

ಹಾಗಾಗಿ ಒಂದು ಭಾನುವಾರ ಲಿಂಗಸುಗೂರಿಗೆ ಹೋದೆ. ನಮ್ಮ ಮದುವೆಗೆ ಮೈಕ್‌ಸೆಟ್ ಹಾಕಿದ್ದ ಚಾಚಾನ ಅಂಗಡಿ ಅಲ್ಲಿದೆ. ಅಂಗಡಿ ತುಂಬ ಕಹಳೆಯಂಥ ಹಾರ್ನುಗಳು, ಮಂಚದಷ್ಟು ದೊಡ್ಡ ಸ್ಪೀಕರುಗಳು. ನಾನು ಹೆಡ್‌ಫೋನ್ ತೆಗೆದು ಇದಕ್ಕೊಂದು ಆಂಪ್ಲಿಫಯರ್ ಬೇಕು ಎಂದಾಗ ಚಾಚಾ ಹೊಟ್ಟೆ ಹಿಡಿದುಕೊಂಡು ನಕ್ಕರು.

"ಟೀಚರ್ರೇ, ಕಿವಿಗೆ ಇಷ್ಟು ಪವರ್ ಯಾಕ್ರೀ? ಒಳಗ ಮದುವಿ ಬಾರಾತ್ ಹೊಂಡಸ್ತೀರೇನು?"

"ನಗಬ್ಯಾಡ್ರಿ ಚಾಚಾ. ಮಾಡಿ ಕೊಡ್ತೀರೋ ಇಲ್ಲೋ ಹೇಳ್ರಿ."

"ಮಾಡ್ತೀನ್ರೀ, ಯಾಕ ಮಾಡಂಗಿಲ್ಲ. ಡಬ್ಬಿ ನೀವ ತರ್ರಿ."

ಬುತ್ತಿ ಒಯ್ಯುತ್ತಿದ್ದ ನನ್ನ ಸ್ಟೀಲ್ ಡಬ್ಬಿಯನ್ನೇ ತೊಳೆದು ಕೊಟ್ಟೆ, ಅದರೊಳಗೆ ಆಂಪ್ಲಿಫಯರ್ ಕೂಡಿಸಿದರು. ಮೊದಲ ಸಲ ತಂದು ಹಚ್ಚಿದಾಗ ಹಾಡಿನ ಹಿಂದೆ ಜೇನುಗೂಡಿನ ಸದ್ದು. ಮತ್ತೆ ಬಸ್ಸು, ಮತ್ತೆ ಲಿಂಗಸುಗೂರು, ಮತ್ತೆ ಚಾಚಾನ ನಗು. ಟ್ರಾನ್ಸ್‌ಫಾರ್ಮರನ್ನು ಬೇರೆ ಡಬ್ಬಿಗೆ ಹಾಕಿ ದೂರ ಇಟ್ಟ ಮೇಲೆ ಗುಂಯ್ ಅನ್ನುವುದು ನಿಂತಿತು. ಗಂಡನ ಹಳೆಯ ಮೊಬೈಲನ್ನು ಅದಕ್ಕೇ ಮೀಸಲಿಟ್ಟು, ಡಬ್ಬಿಯ ಮೇಲಿನ ದನಿಯ ಗುಂಡಿಯನ್ನು ಎಲ್ಲಿಯವರೆಗೆ ತಿರುಗಿಸಬೇಕೋ ಅಲ್ಲೊಂದು ಕುಂಕುಮದ ಬೊಟ್ಟು ಇಟ್ಟೆ.

ಅವತ್ತು ಸಂಜೆ ಕೇಳಿದ್ದನ್ನು ಹೇಗೆ ಹೇಳಲಿ! ನಾನು ಕಾಲೇಜಿನ ದಿನಗಳಿಂದ ಕೇಳುತ್ತಿದ್ದ ಒಂದು ಹಾಡು, ಹಾಡಿದವಳು ಒಬ್ಬ ಹೆಂಗಸು. ಆಕೆ ಶುರು ಮಾಡುವ ಮೊದಲು ತಂಬೂರಿಯ ಮೇಲೆ ಕೈ ಇಡುತ್ತಾಳಲ್ಲ, ಆಗ ಬಳೆಗಳ ಸಣ್ಣ ಸದ್ದು ಕೇಳಿಸಿತು. ಇಷ್ಟು ವರ್ಷ ಆ ಬಳೆ ಅಲ್ಲೇ ಇತ್ತು, ನನಗೆ ಗೊತ್ತೇ ಇರಲಿಲ್ಲ. ಖುಷಿ ತಡೆಯಲಾಗದೆ ಅಡುಗೆಮನೆಗೆ ಓಡಿದೆ.

"ಅತ್ತೀ, ಹಾಡಾಕಿ ಕೈಯಾಗಿನ ಬಳಿ ಸಪ್ಪಳ ಕೇಳಸ್ತೈತ್ರೀ!"

ಅತ್ತೆ ಹಿಟ್ಟು ನಾದುತ್ತಿದ್ದವರು ತಲೆ ಎತ್ತಿದರು. "ಸುಳ್ಳು ಹೇಳಬ್ಯಾಡ. ಹಾಡು ಕೇಳಾಕ ಕುಂತೀಯೋ, ಬಳಿ ಎಣಸಾಕೋ?" ಅಷ್ಟಕ್ಕೇ ನಿಲ್ಲಲಿಲ್ಲ. ಅವರ ಕಣ್ಣು ನನ್ನ ಕಿವಿಗೆ ಬಿತ್ತು. "ಬೆಂಡೋಲಿ ಎಲ್ಲವಬೇ?"

ನಿಜ, ಬಿಚ್ಚಿಟ್ಟಿದ್ದೆ. ಹೆಡ್‌ಫೋನಿನ ದಿಂಬು ಒತ್ತಿ ಬೆಂಡೋಲೆಗೆ ತೂಗುವ ಜುಮುಕಿ ಕುತ್ತಿಗೆಗೆ ಚುಚ್ಚುತ್ತಿತ್ತು. ಈ ವಿಷಯದಲ್ಲಿ ನಮ್ಮತ್ತೆ ಎಂಥವರು ಎಂದು ಗೊತ್ತಿದ್ದೂ ಬಿಚ್ಚಿದ್ದೆ. ಕಣ್ಣಿನ ಪೊರೆ ತೆಗೆಸಲು ಹೋದಾಗ ನರ್ಸಮ್ಮ ಕಿವಿಯದನ್ನು ತೆಗೆಯಿರಿ ಎಂದರೆ, "ಕಣ್ಣು ಹಿಂಗ ಇರ್ಲಿ ಬಿಡವ್ವಾ, ಇವನ್ನ ಮಾತ್ರ ತಗ್ಯಾಂಗಿಲ್ಲ," ಎಂದು ಮಂಚ ಇಳಿದುಬಿಟ್ಟವರು ಅವರು. ಕೊನೆಗೆ ಬೆಂಡೋಲೆ ಮೇಲೆ ಪ್ಲಾಸ್ಟರ್ ಅಂಟಿಸಿಯೇ ಕೆಲಸ ಮುಗಿಸಿದರು.

"ಮುತ್ತೈದಿ ಬರಿಗಿವೀಲೆ ಕುಂದ್ರತಾಳೇನು? ಒಂದು ಮಾತು ಹೇಳ್ತೀನಿ ಕೇಳು. ಬೆಂಡೋಲಿ ಕಿವ್ಯಾಗ ಇರಬೇಕು, ಇಲ್ಲಾಂದ್ರ ಆ ಹಂಚು ಈ ಮನ್ಯಾಗ ಇರಬಾರದು. ಮುಂದಿನ ವಾರ ನಿಮ್ಮ ಮಾವ ಬರೂದ್ರಾಗ ಎರಡರಾಗ ಒಂದು ಮಾಡು."

ಮಾವ ವಳಕಮದಿನ್ನಿಯ ಗದ್ದೆ ನೋಡಿಕೊಂಡು ಅಲ್ಲೇ ಇರುತ್ತಾರೆ, ವಾರಕ್ಕೊಮ್ಮೆ ಬರುತ್ತಾರೆ. ಗಂಡನ ಮುಖ ನೋಡಿದೆ. "ಅವ್ವ ಅಂದ ಮ್ಯಾಲ ಮುಗೀತಲ್ಲ," ಎನ್ನುತ್ತ ಚಪ್ಪಲಿ ಮೆಟ್ಟಿ ಪಾರಾದರು. ನನಗೆ ಸಿಟ್ಟು ನೆತ್ತಿಗೇರಿತು. ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತುಬಿಟ್ಟೆ. ಕೇಳಿದ್ದು ಒಂದು ತಾಸು, ಅದಕ್ಕೂ ಕಲ್ಲು ಬಿತ್ತಲ್ಲ ಅಂತ.

ಆದರೆ ಸುಮ್ಮನೆ ಸೋಲುವ ಪೈಕಿ ನಾನಲ್ಲ. ಬೆಂಡೋಲೆಯೂ ಇರಲಿ, ಹೆಡ್‌ಫೋನೂ ಇರಲಿ, ದಿಂಬು ಬದಲಿಸಿದರಾಯಿತು. ಮಸ್ಕಿಯಲ್ಲಿ ಬೈಕಿನ ಸೀಟು ಹೊಲಿಯುವವರೊಬ್ಬರು ರೆಕ್ಸಿನ್ನಿನಲ್ಲಿ ದಪ್ಪ ದಿಂಬು ಹೊಲಿದುಕೊಟ್ಟರು. ಸೀಟಿನ ಮೇಲೆ ಕಿವಿ ಇಟ್ಟು ಮಲಗಿದಂತಾಗಿ ಬೆವರಿಳಿಯಿತು, ಜುಮುಕಿ ಮೊದಲಿನಂತೆಯೇ ಚುಚ್ಚಿತು. ಜುಮುಕಿಗೆಂದು ನಾನೇ ಕೆಳಗೊಂದು ಕಿಂಡಿ ಕತ್ತರಿಸಿದೆ. ಆಗ ದಪ್ಪ ದನಿಯೆಲ್ಲ ಆ ಕಿಂಡಿಯಿಂದ ಸೋರಿಹೋಗಿ ತಬಲಾ ಅನ್ನುವುದು ತಗಡು ಬಡಿದಂತಾಯಿತು. ಹಾಸಿಗೆಯ ಹತ್ತಿ ತುಂಬಿ ನೋಡಿದೆ, ಎರಡೇ ದಿನಕ್ಕೆ ಅಪ್ಪಚ್ಚಿಯಾಗಿ ಚಪಾತಿಯಾಯಿತು. ಶನಿವಾರದ ಹೊತ್ತಿಗೆ ಪಡಸಾಲೆಯ ತುಂಬ ಫೋಮು, ಹತ್ತಿ, ದಾರ. ನಾನು ನಡುವೆ ಕತ್ತರಿ ಹಿಡಿದು ಮುಖ ಊದಿಸಿಕೊಂಡು ಕೂತಿದ್ದೆ.

"ವಾರದಿಂದ ಏನು ಕತ್ತರಸಾಕತ್ತೀಬೇ?" ಅತ್ತೆ ಬಂದು ನಿಂತರು.

"ನಿಮ್ಮ ಬೆಂಡೋಲಿ ಸಲುವಾಗೇ ಇಷ್ಟೆಲ್ಲಾ," ಎಂದು ಸಿಡುಕಿದೆ. ಹೇಳಿದ ಮೇಲೆ ಹೆದರಿಕೆಯಾಯಿತು.

ಅವರು ಬೈಯಲಿಲ್ಲ. ಕೂತು, ಹಾಳಾದ ದಿಂಬೊಂದನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ಒತ್ತಿ ನೋಡಿದರು. ನಡುವಿನ ತೂತಿನಲ್ಲಿ ಬೆರಳು ತೂರಿಸಿ ತಿರುಗಿಸಿದರು.

"ಇದು ಸಿಂಬಿ ಅಲ್ಲೇನು?"

ತಲೆಯ ಮೇಲೆ ಕೊಡ ಹೊರುವಾಗ ಅಡಿಗೆ ಇಟ್ಟುಕೊಳ್ಳುವ ಬಟ್ಟೆಯ ಸುರುಳಿ ಅದು. ನಮ್ಮತ್ತೆಯ ತವರು ಮುದಗಲ್. ಸಣ್ಣವರಿದ್ದಾಗ ಕೋಟೆಯ ಬಾವಿಯಿಂದ ನೀರು ಹೊತ್ತವರು.

"ಸಿಂಬಿ ಅಂದ್ರ ನಡುವ ಆಳ ಇರಬೇಕು, ಅಂಚು ಮೆತ್ತಗಿರಬೇಕು. ಬಿಗಿ ಸುತ್ತಿದ್ರ ತಲಿ ನೋಯ್ತದ, ಸಡ್ಲ ಸುತ್ತಿದ್ರ ಕೊಡ ಜಾರ್ತದ. ನಿಮ್ಮ ಸೀಟಿನವಗೇನು ಗೊತ್ತು, ಅಂವೇನು ಕೊಡ ಹೊತ್ತಾನೇನು?"

ಟ್ರಂಕಿನಿಂದ ಹಳೆಯ ಇಳಕಲ್ ಸೀರೆ ತೆಗೆದು ಪರ್ರನೆ ಹರಿದರು. ಹುರಿ ಮಾಡಿ, ಸುತ್ತಿ, ತುದಿ ಸಿಕ್ಕಿಸಿ, ನನ್ನ ಕಿವಿಗೆ ಹಿಡಿದು ಅಳತೆ ನೋಡಿದರು. ಬಿಚ್ಚಿದರು, ಮತ್ತೆ ಸುತ್ತಿದರು. ಎರಡೂ ಸಿಂಬಿಗಳನ್ನು ಹಳೆಯ ದಿಂಬಿನ ಪ್ಲಾಸ್ಟಿಕ್ ಬಳೆಗೆ ಇಬ್ಬರೂ ಕೂತು ಹೊಲಿದೆವು. ಹಾಕಿಕೊಂಡರೆ ಜುಮುಕಿ ಒಳಗಿನ ಆಳದಲ್ಲಿ ಆರಾಮವಾಗಿ ತೂಗಿತು. ದಪ್ಪ ದನಿ ತುಸು ಕಡಿಮೆಯಾಯಿತು, ಆದರೆ ಹಾಡುವವಳು ಎದುರಿಗೆ ಬಂದು ಕೂತಳು. ತಲೆ ಅಲ್ಲಾಡಿಸಿದರೆ ಮಾತ್ರ ಜುಮುಕಿ ಕಿಣಿ ಎನ್ನುತ್ತಿತ್ತು. ಫೋಟೋ ತೆಗೆಸಿಕೊಳ್ಳುವವಳಂತೆ ಅಲುಗದೆ ಕೂತೆ.

"ಇಷ್ಟು ಬೈದು, ನೀವ ಮಾಡಿ ಕೊಟ್ರೆಲ್ರೀ ಅತ್ತಿ," ಎಂದೆ.

"ನಾ ಬೆಂಡೋಲಿ ತಗೀಬ್ಯಾಡ ಅಂದೀನಿ. ಹಾಡು ಕೇಳಬ್ಯಾಡ ಅಂದಿಲ್ಲ."

ಮರುದಿನ ಮಾವ ಬಂದರು, ಉಂಡರು, ಹೋದರು. ಹೆಡ್‌ಫೋನು ಮನೆಯಲ್ಲೇ ಉಳಿಯಿತು. ಸಂಜೆಯ ತಾಸು ನನ್ನದಾಯಿತು.

ಇದಾಗಿ ಕೆಲವು ವಾರಗಳ ಮೇಲೆ ಶಾಲೆ ಅರ್ಧ ದಿನಕ್ಕೇ ಬಿಟ್ಟಿತು. ಮಧ್ಯಾಹ್ನದ ಬಸ್ಸಿಗೆ ಬಂದೆ. ಬಾಗಿಲು ಚಿಲಕ ಹಾಕದೆ ಸುಮ್ಮನೆ ಮುಂದೆ ಮಾಡಿತ್ತು, ಧಾರಾವಾಹಿಯ ಹೊತ್ತಾದರೂ ಟಿವಿಯ ಸದ್ದಿಲ್ಲ. ಒಳಗೆ ನನ್ನ ಕುರ್ಚಿಯಲ್ಲಿ ಅತ್ತೆ ಕಣ್ಣು ಮುಚ್ಚಿ ಕೂತಿದ್ದರು, ತಲೆಯ ಮೇಲೆ ಹಂಚು. ಗುಂಡಿ ಸರಿಯಾಗಿ ಕುಂಕುಮದ ಬೊಟ್ಟಿಗೆ ಬಂದಿತ್ತು. ಜಾಲರಿಯಿಂದ ಅದೇ ಹಾಡು ಸಣ್ಣಗೆ ಸೋರುತ್ತಿತ್ತು. ಮೇಜಿನ ಮೇಲೆ ಒಂದು ಬಟ್ಟಲು, ಅದರಲ್ಲಿ ಅವರ ಬೆಂಡೋಲೆ.

ನಾನು ಭುಜ ಮುಟ್ಟಿದೆ. ಬೆಚ್ಚಿಬಿದ್ದು ಹೆಡ್‌ಫೋನ್ ಕೆಳಗೆಳೆದು, ಎರಡೂ ಕೈಯಿಂದ ಬರಿಗಿವಿ ಮುಚ್ಚಿಕೊಂಡರು.

"ಯವ್ವಾ! ನೀ ಯಾವಾಗ ಬಂದಿಬೇ?"

"ಸಿಂಬಿ ಐತೆಲ್ರೀ ಅತ್ತಿ, ಬೆಂಡೋಲಿ ಯಾಕ ತಗದ್ರಿ?"

ಕಳ್ಳತನದಲ್ಲಿ ಸಿಕ್ಕ ಮಕ್ಕಳು ನೋಡುವಂತೆ ನೋಡಿದರು. ಆಮೇಲೆ ಮೆಲ್ಲಗೆ ಹೇಳಿದರು. "ಕಿಣಿ ಅಂತು. ಆಕಿ ಬಳಿನೋ, ನನ್ನ ಜುಮುಕಿನೋ ತಿಳೀಲಿಲ್ಲ. ತಗದು ನೋಡಿದ್ನಿ."

"ಮತ್ತ?"

"ನೀ ಸುಳ್ಳು ಹೇಳಿಲ್ಲ. ಆಕೀವ ಅದಾವು." ಮುಖ ಅರಳಿತು. "ಗಾಜಿನವು. ಕೈತುಂಬ ಹಾಕ್ಕೊಂಡಾಳ."

ಅಷ್ಟು ಸಲ ಕೇಳಿದ ನನಗೆ ಅವು ಗಾಜಿನವೆಂದು ಗೊತ್ತಾಗಿರಲಿಲ್ಲ.

"ನಿಮ್ಮ ಮಾವಗ ಹೇಳಬ್ಯಾಡ ಮತ್ತ," ಎಂದು ಮತ್ತೆ ಹೆಡ್‌ಫೋನ್ ಏರಿಸಿಕೊಂಡರು. "ಬಾಗಲಾ ಹಾಕು ಹೋಗು. ಇನ್ನೂ ಹಾಡು ಮುಗದಿಲ್ಲ."

ಹೋಗಿ ಚಿಲಕ ಹಾಕಿದೆ. ಬಂದು, ಬಟ್ಟಲಲ್ಲಿದ್ದ ಅವರ ಬೆಂಡೋಲೆಯ ಪಕ್ಕದಲ್ಲಿ ನನ್ನವನ್ನೂ ಬಿಚ್ಚಿಟ್ಟು, ನನ್ನ ಸರದಿಗೆ ಕಾದು ಕೂತೆ.